ಕರುವಿನ ಕೀಲು ಊದಿದೆಯಾ? ಮೊದಲು ಸ್ಯಾಂಪಲ್, ಆಮೇಲೆ ಇಂಜೆಕ್ಷನ್



ಟೊಮ್ಯಾಟೊ ಗಿಡ ಹಸಿರಾಗಿರುವಾಗಲೇ ಇದ್ದಕ್ಕಿದ್ದಂತೆ ಬಾಡಿದ್ರೆ ನಾವು ಏನು ಮಾಡ್ತೀವಿ? ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿಗೆ ಇಳಿಬಿಡ್ತೀವಿ. ಹಾಲಿನ ಎಳೆ ಥರ ಬಿಳಿ ದ್ರವ ಇಳಿದ್ರೆ ಅದು ಬ್ಯಾಕ್ಟೀರಿಯಾ ಸೊರಗು. ಇಳಿಯದಿದ್ರೆ ಶಿಲೀಂಧ್ರದ ಕಡೆ ಅನುಮಾನ. ಹೊರಗಿಂದ ನೋಡಿದ್ರೆ ಎರಡೂ ಒಂದೇ ಥರ. ಆದ್ರೆ ಬ್ಯಾಕ್ಟೀರಿಯಾ ಸೊರಗಿಗೆ ಎಷ್ಟು ಶಿಲೀಂಧ್ರನಾಶಕ ಸುರಿದ್ರೂ ದುಡ್ಡು ಮಣ್ಣಿಗೆ ಹೋಗತ್ತೆ ಅಷ್ಟೇ.

ಹೊಲದಲ್ಲಿ ಇರೋ ಈ ಬುದ್ಧಿ ಕೊಟ್ಟಿಗೆಗೆ ಬಂದಾಗ ಯಾಕೋ ಮರೆತು ಹೋಗತ್ತೆ. ಕರು ಕುಂಟುತ್ತಾ ಇದೆ, ಮಂಡಿ ಊದಿದೆ, ಮುಟ್ಟಿದ್ರೆ ಬಿಸಿ. ತಕ್ಷಣ ಮೆಡಿಕಲ್ ಶಾಪ್‌ಗೆ ಹೋಗಿ ಒಂದು ಇಂಜೆಕ್ಷನ್ ತಂದು ಚುಚ್ಚಿಸ್ತೀವಿ. ಇಳೀಲಿಲ್ಲ ಅಂದ್ರೆ ಇನ್ನೊಂದು. ಮೂರನೇದಕ್ಕೆ ಬರುವಷ್ಟರಲ್ಲಿ ಕೀಲಿನ ಮೃದ್ವಸ್ಥಿ ಸವೆದು, ಕರು ಜೀವನಪೂರ್ತಿ ಕುಂಟು. ಹಾಗಾಗಿ ಈ ವಾರ, ಕೀಲಿನೊಳಗೆ ಯಾವ ಬ್ಯಾಕ್ಟೀರಿಯಾ ಕೂತಿದೆ ಅಂತ ಲ್ಯಾಬ್‌ನಲ್ಲಿ ಹೇಗೆ ಪತ್ತೆ ಮಾಡ್ತಾರೆ, ಅದಕ್ಕೆ ನಾವು ಏನು ಸಹಾಯ ಮಾಡಬೇಕು, ಬಂದ ರಿಪೋರ್ಟನ್ನ ಹೇಗೆ ಓದಬೇಕು ಅನ್ನೋದನ್ನ ನೋಡೋಣ.

ಕೀಲಿಗೆ ಬ್ಯಾಕ್ಟೀರಿಯಾ ಎಲ್ಲಿಂದ ಬರತ್ತೆ?

ಹುಟ್ಟಿದ ಮೊದಲ ಕೆಲವು ವಾರಗಳಲ್ಲಿ ಕರು, ಆಡುಮರಿ, ಕುರಿಮರಿಗಳಿಗೆ ಬರೋ ಕೀಲುಬಾವಿಗೆ ಮುಖ್ಯ ದಾರಿ ಹೊಕ್ಕುಳು. ಹಸಿ ಹೊಕ್ಕುಳು ಸಗಣಿ, ಗಂಜಲದ ನೆಲಕ್ಕೆ ತಾಗತ್ತೆ, ಬ್ಯಾಕ್ಟೀರಿಯಾ ಒಳಗೆ ಹೋಗಿ ರಕ್ತ ಸೇರತ್ತೆ. ರಕ್ತದಿಂದ ಮುಂಗಾಲಿನ ಮಂಡಿ, ಹಿಂಗಾಲಿನ ಕೀಲುಗಳಿಗೆ ಇಳಿದು ಅಲ್ಲಿ ಬೀಡು ಬಿಡತ್ತೆ. ಗಿಣ್ಣು ಹಾಲು ಸರಿಯಾಗಿ ಕುಡಿಯದ ಕರುವಿನ ರಕ್ತದಲ್ಲಿ ರೋಗನಿರೋಧಕ ಶಕ್ತಿಯೇ ಇರೋದಿಲ್ಲ, ಹಾಗಾಗಿ ತಡೆಯೋರು ಯಾರೂ ಇಲ್ಲ. ಹೊಕ್ಕುಳು ಅಲ್ಲದೆ ಭೇದಿ, ನ್ಯುಮೋನಿಯಾ, ಕೆಚ್ಚಲು ಬಾವು, ಮುಳ್ಳು ಚುಚ್ಚಿದ ಗಾಯದಿಂದಲೂ ಕೀಲಿಗೆ ಸೋಂಕು ಬರಬಹುದು.

ಹೀಗೆ ಬರೋ ಬ್ಯಾಕ್ಟೀರಿಯಾ ಒಂದೇ ಜಾತಿ ಅಲ್ಲ. ಹೆಚ್ಚಾಗಿ ಸಿಗೋ ಹೆಸರುಗಳು ಇವು:

• ಇ. ಕೋಲಿ, ಸಾಲ್ಮೊನೆಲ್ಲಾ – ಕರುಳಿನಲ್ಲಿ, ಸಗಣಿಯಲ್ಲಿ ಇರುವಂಥವು
• ಸ್ಟ್ರೆಪ್ಟೊಕಾಕಸ್ – ಕುರಿಮರಿಗಳ ಕೀಲುಬಾವಿಗೆ ದೊಡ್ಡ ಕಾರಣ
• ಸ್ಟೆಫಿಲೊಕಾಕಸ್ ಆರಿಯಸ್ – ಚರ್ಮ, ಗಾಯ, ಕೆಚ್ಚಲು ಬಾವಿನಿಂದ. ಕೋಳಿಗಳ ಕೀಲಿನಲ್ಲೂ ಸಾಮಾನ್ಯ
• ಟ್ರೂಪೆರೆಲ್ಲಾ – ಗಟ್ಟಿ ಕೀವು ಮಾಡೋ ಬ್ಯಾಕ್ಟೀರಿಯಾ
• ಮೈಕೋಪ್ಲಾಸ್ಮಾ – ಕರುಗಳಲ್ಲಿ ಕೆಮ್ಮಿನ ಜೊತೆ ಕೀಲು ಊತ. ಆಡುಗಳಲ್ಲಿ ಕೆಚ್ಚಲು, ಕಣ್ಣು, ಕೀಲು ಮೂರೂ ಒಟ್ಟಿಗೆ ಕೆಡಬಹುದು
• ಬ್ರೂಸೆಲ್ಲಾ – ದೊಡ್ಡ ಹಸುಗಳಲ್ಲಿ. ಇದರ ಬಗ್ಗೆ ಕೊನೆಗೆ ಪ್ರತ್ಯೇಕವಾಗಿ ಹೇಳ್ತೀನಿ

ಇವೆಲ್ಲದಕ್ಕೂ ಒಂದೇ ಔಷಧಿ ಇಲ್ಲ. ಮೈಕೋಪ್ಲಾಸ್ಮಾವನ್ನೇ ತಗೊಳ್ಳಿ. ಪೆನಿಸಿಲಿನ್ ಗುಂಪಿನ ಔಷಧಿ ಕೆಲಸ ಮಾಡೋದು ಬ್ಯಾಕ್ಟೀರಿಯಾದ ಕೋಶಗೋಡೆ ಕಟ್ಟೋದನ್ನ ತಡೆದು. ಮೈಕೋಪ್ಲಾಸ್ಮಾಕ್ಕೆ ಗೋಡೆಯೇ ಇಲ್ಲ! ಇಲ್ಲದ ಗೋಡೆ ಕೆಡವೋಕೆ ಹೋದ ಹಾಗೆ, ಎಷ್ಟು ಪೆನಿಸಿಲಿನ್, ಅಮಾಕ್ಸಿಸಿಲಿನ್ ಕೊಟ್ರೂ ಅದಕ್ಕೆ ಏನೂ ಆಗಲ್ಲ.

ಇನ್ನೊಂದು ವಿಷಯ. ಊದಿದ ಕೀಲೆಲ್ಲ ಬ್ಯಾಕ್ಟೀರಿಯಾ ಸೋಂಕೂ ಅಲ್ಲ. ಏಟು ಬಿದ್ದಿರಬಹುದು, ಗಟ್ಟಿ ನೆಲದ ಮೇಲೆ ಮಲಗಿ ಮಲಗಿ ನೀರು ತುಂಬಿರಬಹುದು. ದೊಡ್ಡ ಆಡುಗಳಲ್ಲಿ ಒಂದು ವೈರಸ್‌ನಿಂದಲೂ ಮಂಡಿ ಊದತ್ತೆ. ಇಲ್ಲೆಲ್ಲ ಆ್ಯಂಟಿಬಯೋಟಿಕ್ ಬರೀ ಖರ್ಚು.

ಸ್ಯಾಂಪಲ್ ಮೊದಲು ಯಾಕೆ?

ಆ್ಯಂಟಿಬಯೋಟಿಕ್ ಒಂದು ಡೋಸ್ ಒಳಗೆ ಹೋದ್ರೂ ಸಾಕು, ಕೀಲಿನ ದ್ರವದಲ್ಲಿ ಬ್ಯಾಕ್ಟೀರಿಯಾ ಸಂಖ್ಯೆ ಕಡಿಮೆ ಆಗಿ ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಯದೇ ಹೋಗಬಹುದು. ಆದ್ರೆ ಕೀಲಿನ ಒಳಪದರದಲ್ಲಿ ಅವು ಬದುಕಿಯೇ ಇರ್ತವೆ. ಆಗ ರಿಪೋರ್ಟ್‌ನಲ್ಲಿ "ಬೆಳವಣಿಗೆ ಇಲ್ಲ" ಅಂತ ಬರತ್ತೆ, ಕರು ಮಾತ್ರ ಕುಂಟುತ್ತಲೇ ಇರತ್ತೆ.

ಹಾಗಂತ ರಿಪೋರ್ಟ್ ಬರೋವರೆಗೂ ಚಿಕಿತ್ಸೆ ಇಲ್ಲದೆ ಕಾಯಿರಿ ಅಂತ ನಾನು ಹೇಳ್ತಿಲ್ಲ. ಕೀಲಿನ ಸೋಂಕು ತುರ್ತು ಪರಿಸ್ಥಿತಿ, ದಿನಗಳ ಲೆಕ್ಕದಲ್ಲಿ ಮೃದ್ವಸ್ಥಿ ಹಾಳಾಗತ್ತೆ. ಕ್ರಮ ಹೀಗಿರಲಿ: ಪಶುವೈದ್ಯರು ಮೊದಲು ದ್ರವ ತೆಗೀತಾರೆ. ಅದೇ ದಿನ ಅಂದಾಜಿನ ಮೇಲೆ ಔಷಧಿ ಶುರು ಮಾಡ್ತಾರೆ, ಬೇಕಾದ್ರೆ ಕೀಲನ್ನ ಸಲೈನ್‌ನಿಂದ ತೊಳೀತಾರೆ. ಎರಡು ಮೂರು ದಿನದಲ್ಲಿ ರಿಪೋರ್ಟ್ ಬಂದ ಮೇಲೆ ಔಷಧಿ ಸರಿಯಿದ್ರೆ ಮುಂದುವರಿಸ್ತಾರೆ, ಇಲ್ಲದಿದ್ರೆ ಬದಲಾಯಿಸ್ತಾರೆ. ಹತ್ತು ನಿಮಿಷದ ಕೆಲಸ ಮೊದಲು ಮಾಡಿದ್ರೆ ಹತ್ತು ದಿನದ ಪರದಾಟ ಉಳಿಯತ್ತೆ.

ಸ್ಯಾಂಪಲ್ ತೆಗೆಯುವಾಗ

ಒಂದು ಮಾತು ಸ್ಪಷ್ಟವಾಗಿ: ನೀವೇ ಸೂಜಿ ಹಾಕಿ ಕೀವು ತೆಗೆಯೋ ಸಾಹಸ ಬೇಡ, ಬ್ಲೇಡಿನಿಂದ ಕೊಯ್ಯೋದಂತೂ ಬೇಡವೇ ಬೇಡ. ಸೋಂಕಿಲ್ಲದ ಕೀಲಿಗೂ ಆ ಸೂಜಿಯಿಂದ ಸೋಂಕು ಹೋಗತ್ತೆ. ಇದು ವೈದ್ಯರ ಕೆಲಸ. ನಮ್ಮ ಕೆಲಸ ಇಷ್ಟು:

1. ಕರುವನ್ನ ಒಣ, ಸ್ವಚ್ಛ ಜಾಗದಲ್ಲಿ ಅಲುಗಾಡದ ಹಾಗೆ ಹಿಡಿದುಕೊಳ್ಳೋದು. ವೈದ್ಯರು ಕೂದಲು ಕತ್ತರಿಸಿ, ತೊಳೆದು, ಸ್ಪಿರಿಟ್ ಹಚ್ಚಿ ಆಮೇಲೆ ಸೂಜಿ ಹಾಕ್ತಾರೆ. ಆ ಜಾಗ ಮತ್ತೆ ಮುಟ್ಟಬೇಡಿ.
2. ದ್ರವವನ್ನ ಸಾಮಾನ್ಯವಾಗಿ ಎರಡು ಟ್ಯೂಬಿಗೆ ಹಾಕ್ತಾರೆ. ನೇರಳೆ ಮುಚ್ಚಳದ್ದು ಕಣಗಳ ಎಣಿಕೆಗೆ, ಬರೀ ಸ್ಟೆರೈಲ್ ಟ್ಯೂಬು ಬ್ಯಾಕ್ಟೀರಿಯಾ ಬೆಳೆಸೋಕೆ. ಎರಡರ ಮೇಲೂ ಪ್ರಾಣಿಯ ಕಿವಿಯೋಲೆ ನಂಬರ್, ಯಾವ ಕೀಲು, ದಿನಾಂಕ, ಸಮಯ ಬರೆಸಿ.
3. ಐಸ್ ಪ್ಯಾಕ್ ಇಟ್ಟ ಥರ್ಮೋಕೋಲ್ ಡಬ್ಬಿಯಲ್ಲಿ ಇಡಿ. ಫ್ರೀಜರ್‌ಗೆ ಹಾಕಬೇಡಿ, ಗಟ್ಟಿಯಾದ್ರೆ ಸ್ಯಾಂಪಲ್ ಕೆಡತ್ತೆ. ಆದಷ್ಟು ಅದೇ ದಿನ, ತಡ ಅಂದ್ರೆ 24 ಗಂಟೆಯೊಳಗೆ ಲ್ಯಾಬ್ ತಲುಪಬೇಕು.
4. ಜೊತೆಗೆ ಒಂದು ಚೀಟಿ: ವಯಸ್ಸು, ಎಷ್ಟು ದಿನದಿಂದ ಊತ, ಎಷ್ಟು ಕೀಲು, ಹೊಕ್ಕುಳು ಬಾವು, ಭೇದಿ ಅಥವಾ ಕೆಮ್ಮು ಇತ್ತಾ, ಈಗಾಗಲೇ ಯಾವ ಔಷಧಿ ಕೊಟ್ಟಿದ್ದೀರಿ, ಹಿಂಡಿನಲ್ಲಿ ಗರ್ಭಪಾತ ಆಗಿದೆಯಾ. ಔಷಧಿಯ ಡಬ್ಬಿ ಎಸೆಯೋ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ, ಹೆಸರು ನೆನಪಿಡೋ ತೊಂದರೆ ಇರಲ್ಲ.

ಮೈಕೋಪ್ಲಾಸ್ಮಾ ಅನುಮಾನ ಇದ್ರೆ ಮೊದಲೇ ಲ್ಯಾಬಿಗೆ ತಿಳಿಸಬೇಕು. ಅದಕ್ಕೆ ಬೇರೆಯದೇ ಆಹಾರ ಬೇಕು, ಮಾಮೂಲಿ ತಟ್ಟೆಯಲ್ಲಿ ಅದು ಬೆಳೆಯಲ್ಲ. ಕೇಳದಿದ್ರೆ ಲ್ಯಾಬಿನವರು ಹುಡುಕೋದೂ ಇಲ್ಲ.

ಲ್ಯಾಬ್‌ನಲ್ಲಿ ಏನಾಗತ್ತೆ?

ಮೊದಲ ದಿನ: ಕಣ್ಣು ಮತ್ತು ಮೈಕ್ರೋಸ್ಕೋಪ್

ಆರೋಗ್ಯವಂತ ಕೀಲಿನ ದ್ರವ ತಿಳಿಯಾಗಿ, ತುಸು ಹಳದಿಯಾಗಿ, ಮೊಟ್ಟೆಯ ಲೋಳೆ ಥರ ಎಳೆ ಎಳೆಯಾಗಿರತ್ತೆ. ಸೋಂಕಾದ ದ್ರವ ಕದಡಿ, ನೀರಾಗಿ, ಕೆಲವೊಮ್ಮೆ ಕೀವಿನ ತುಣುಕಿನ ಜೊತೆ ಬರತ್ತೆ. ಬಿಳಿ ರಕ್ತಕಣ ಎಣಿಸ್ತಾರೆ. ಒಳ್ಳೇ ಕೀಲಿನಲ್ಲಿ ಒಂದು ಮೈಕ್ರೋಲೀಟರ್‌ಗೆ ಹೆಚ್ಚೆಂದ್ರೆ ಕೆಲವು ನೂರು, ಸೋಂಕಿನಲ್ಲಿ ಹತ್ತಾರು ಸಾವಿರ.

ಆಮೇಲೆ ಗ್ರಾಂ ಬಣ್ಣ. ಡೆನ್ಮಾರ್ಕಿನ ವೈದ್ಯ ಹಾನ್ಸ್ ಕ್ರಿಶ್ಚಿಯನ್ ಗ್ರಾಂ 1884ರಲ್ಲಿ ಪ್ರಕಟಿಸಿದ ವಿಧಾನ ಇವತ್ತಿಗೂ ಎಲ್ಲ ಲ್ಯಾಬ್‌ಗಳ ಮೊದಲ ಹೆಜ್ಜೆ. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ದ್ರವ ಸವರಿ ಒಣಗಿಸ್ತಾರೆ. ನೇರಳೆ ಬಣ್ಣ, ಅಯೋಡಿನ್, ಆಲ್ಕೋಹಾಲ್, ಕೊನೆಗೆ ಕೆಂಪು ಬಣ್ಣ – ಇದು ಕ್ರಮ. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆ ಬಣ್ಣ ಬಿಟ್ಟುಕೊಡಲ್ಲ, ಅದು ಗ್ರಾಂ ಪಾಸಿಟಿವ್. ತೆಳು ಗೋಡೆಯದ್ದು ನೇರಳೆ ಕಳಕೊಂಡು ಗುಲಾಬಿ ಆಗತ್ತೆ, ಅದು ಗ್ರಾಂ ನೆಗೆಟಿವ್. ಆಕಾರವೂ ಕಾಣತ್ತೆ: ದ್ರಾಕ್ಷಿ ಗೊಂಚಲಿನ ಹಾಗಿದ್ರೆ ಸ್ಟೆಫಿಲೊಕಾಕಸ್, ಮಣಿಸರದ ಹಾಗಿದ್ರೆ ಸ್ಟ್ರೆಪ್ಟೊಕಾಕಸ್, ಗುಲಾಬಿ ಕಡ್ಡಿಗಳಾದ್ರೆ ಇ. ಕೋಲಿ ಕಡೆಯವು. ಅರ್ಧ ಗಂಟೆಯೊಳಗೆ ವೈದ್ಯರಿಗೆ ಒಂದು ದಿಕ್ಕು ಸಿಗತ್ತೆ.

ಆದ್ರೆ ನೆನಪಿರಲಿ, ಕೀಲಿನ ದ್ರವದಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇರ್ತವೆ. ಗ್ರಾಂ ಪರೀಕ್ಷೆಯಲ್ಲಿ ಏನೂ ಕಾಣದಿದ್ರೂ ಸೋಂಕು ಇರಬಹುದು.

ಎರಡನೇ ದಿನ: ತಟ್ಟೆಯ ಮೇಲೆ ಬೆಳೆ

ಇದು ನಮಗೆ ಅರ್ಥ ಆಗೋ ಭಾಗ, ಯಾಕಂದ್ರೆ ಇದೂ ಒಂದು ಬಿತ್ತನೆಯೇ. ದ್ರವವನ್ನ ಎರಡು ಮೂರು ಥರದ ತಟ್ಟೆಗಳ ಮೇಲೆ ಬಿತ್ತಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡ್ತಾರೆ. ಕುರಿ ರಕ್ತ ಬೆರೆಸಿದ ತಟ್ಟೆಯಲ್ಲಿ ಹೆಚ್ಚಿನವು ಬೆಳೀತವೆ. ಕೆಲವು ತಮ್ಮ ಸುತ್ತ ರಕ್ತಕಣ ಒಡೆದು ತಿಳಿ ಉಂಗುರ ಮಾಡ್ತವೆ, ಅದೇ ಒಂದು ಸುಳಿವು. ಮ್ಯಾಕಾಂಕಿ ಅನ್ನೋ ಇನ್ನೊಂದು ತಟ್ಟೆಯಲ್ಲಿ ಗ್ರಾಂ ನೆಗೆಟಿವ್ ಕಡ್ಡಿಗಳಿಗೆ ಮಾತ್ರ ಹೆಚ್ಚಾಗಿ ಜಾಗ. ಹಾಲಿನ ಸಕ್ಕರೆ ಲ್ಯಾಕ್ಟೋಸ್ ತಿನ್ನೋ ಇ. ಕೋಲಿ ಅಲ್ಲಿ ಗುಲಾಬಿ ಚುಕ್ಕೆ, ತಿನ್ನದ ಸಾಲ್ಮೊನೆಲ್ಲಾ ಬಣ್ಣವಿಲ್ಲದ ಚುಕ್ಕೆ.

18ರಿಂದ 24 ಗಂಟೆಯಲ್ಲಿ ಸಾಮಾನ್ಯವಾದವು ಕಾಣ್ತವೆ. ಟ್ರೂಪೆರೆಲ್ಲಾದಂಥವು ಸೂಜಿಮೊನೆಯಷ್ಟು ಸಣ್ಣ, 48 ಗಂಟೆ ಬೇಕು. ಹಾಗಾಗಿ ಒಂದೇ ದಿನಕ್ಕೆ ತಟ್ಟೆ ಎಸೆಯಲ್ಲ. ಮೈಕೋಪ್ಲಾಸ್ಮಾಕ್ಕೆ ವಿಶೇಷ ತಟ್ಟೆಯಲ್ಲಿ ಹಲವು ದಿನ. ಬೆಳೆದಾಗ ಅದನ್ನ ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಬುಲ್ಸ್ ಐ ಆಮ್ಲೆಟ್ ಥರ ಕಾಣತ್ತೆ, ನಡುವೆ ದಪ್ಪ, ಸುತ್ತ ತೆಳು.

ಹೆಸರು ಗಟ್ಟಿ ಮಾಡೋ ಸಣ್ಣ ಪರೀಕ್ಷೆಗಳು

ಬೆಳೆದ ಚುಕ್ಕೆಯ ಮೇಲೆ ಒಂದು ಹನಿ ಹೈಡ್ರೋಜನ್ ಪೆರಾಕ್ಸೈಡ್. ಬುಸ್ ಅಂತ ಗುಳ್ಳೆ ಬಂದ್ರೆ ಸ್ಟೆಫಿಲೊಕಾಕಸ್, ಬರದಿದ್ರೆ ಸ್ಟ್ರೆಪ್ಟೊಕಾಕಸ್. ಇದು ಕೆಟಲೇಸ್ ಪರೀಕ್ಷೆ, ಕೆಲವೇ ಸೆಕೆಂಡು. ಸ್ಟೆಫಿಲೊಕಾಕಸ್ ಆದ್ರೆ ಮೊಲದ ರಕ್ತದ ಪ್ಲಾಸ್ಮಾ ಜೊತೆ ಇಡ್ತಾರೆ. ಹೆಪ್ಪುಗಟ್ಟಿದ್ರೆ ಆರಿಯಸ್ ಅನ್ನೋ ಜೋರು ಜಾತಿಯ ಕಡೆ, ಗಟ್ಟದಿದ್ರೆ ಹೆಚ್ಚಾಗಿ ಚರ್ಮದ ಮೇಲೆ ಇರೋ ಸಾಧು ಜಾತಿ. ಹೀಗೆ ಹೌದು-ಇಲ್ಲ, ಹೌದು-ಇಲ್ಲ ಅಂತ ದಾರಿ ಹಿಡಿದು ಹೆಸರಿಗೆ ಬರ್ತಾರೆ.

ದೊಡ್ಡ ಲ್ಯಾಬ್‌ಗಳಲ್ಲಿ ಮಾಲ್ಡಿ-ಟಾಫ್ ಅನ್ನೋ ಯಂತ್ರ ಇರತ್ತೆ. ಅದು ಬ್ಯಾಕ್ಟೀರಿಯಾದ ಪ್ರೋಟೀನ್‌ಗಳ ತೂಕದ ಚಿತ್ರ ತೆಗೆದು ಕೆಲವೇ ನಿಮಿಷದಲ್ಲಿ ಹೆಸರು ಹೇಳತ್ತೆ. ತಟ್ಟೆಯಲ್ಲಿ ಬೆಳೆಯದವಕ್ಕೆ, ನಿಧಾನವಾಗಿ ಬೆಳೆಯೋವಕ್ಕೆ ಪಿಸಿಆರ್ ಇದೆ. ಕೋವಿಡ್ ಕಾಲದಲ್ಲಿ ಕೇಳಿದ್ದೀವಲ್ಲ, ಅದೇ. ಬದುಕಿರೋ ಬ್ಯಾಕ್ಟೀರಿಯಾ ಬೇಡ, ಅದರ ಡಿಎನ್ಎ ಸಿಕ್ಕಿದ್ರೆ ಸಾಕು. ಮೈಕೋಪ್ಲಾಸ್ಮಾಕ್ಕೆ ಇದು ತುಂಬಾ ಉಪಯೋಗ.

ಮೂರನೇ ದಿನ: ಯಾವ ಔಷಧಿಗೆ ಬಗ್ಗತ್ತೆ?

ಬ್ಯಾಕ್ಟೀರಿಯಾವನ್ನ ತಟ್ಟೆಯ ತುಂಬಾ ಹರಡಿ, ಮೇಲೆ ಬೇರೆ ಬೇರೆ ಆ್ಯಂಟಿಬಯೋಟಿಕ್ ಇರೋ ಪುಟ್ಟ ಕಾಗದದ ಬಿಲ್ಲೆ ಇಡ್ತಾರೆ. ಮರುದಿನ ಬಿಲ್ಲೆಯ ಸುತ್ತ ಬೆಳೆಯದೆ ಖಾಲಿ ಉಳಿದ ವೃತ್ತವನ್ನ ಮಿಲಿಮೀಟರ್‌ನಲ್ಲಿ ಅಳೀತಾರೆ. ಇಲ್ಲಿ ತುಂಬಾ ಜನ ತಪ್ಪು ತಿಳ್ಕೊಳ್ಳೋದು ಒಂದಿದೆ: ದೊಡ್ಡ ವೃತ್ತ ಮಾಡಿದ ಔಷಧಿಯೇ ಒಳ್ಳೇದು ಅಂತ. ಹಾಗಲ್ಲ. ಪ್ರತಿ ಔಷಧಿಗೂ ಬೇರೆ ಬೇರೆ ಗಡಿ ಇದೆ, ಅದಕ್ಕೆ ಹೋಲಿಸಿ ಮಾತ್ರ ಹೇಳಬೇಕು. ಆ ಔಷಧಿ ಕೀಲಿನೊಳಗೆ ಸಾಕಷ್ಟು ತಲುಪತ್ತಾ ಅನ್ನೋದೂ ಮುಖ್ಯ. ಆಯ್ಕೆ ವೈದ್ಯರದ್ದು.

ರಿಪೋರ್ಟ್ ಓದೋದು ಹೇಗೆ?

• ಎಸ್ ಅಂದ್ರೆ ಔಷಧಿಗೆ ಬಗ್ಗತ್ತೆ. ಆರ್ ಅಂದ್ರೆ ಬಗ್ಗಲ್ಲ. ಐ ಅಂದ್ರೆ ನಡುವೆ, ಡೋಸ್ ನೋಡಿ ವೈದ್ಯರು ತೀರ್ಮಾನಿಸ್ತಾರೆ.
• ಒಂದೇ ಜಾತಿ, ಚೆನ್ನಾಗಿ ಬೆಳೆದಿದೆ ಅಂತ ಇದ್ರೆ ನಂಬಬಹುದಾದ ಉತ್ತರ.
• ಮೂರು ನಾಲ್ಕು ಜಾತಿ ಮಿಶ್ರ ಅಂತ ಬಂದ್ರೆ ಚರ್ಮದ, ಸಗಣಿಯ ಕೊಳೆ ಸ್ಯಾಂಪಲ್‌ಗೆ ಸೇರಿರೋ ಸಾಧ್ಯತೆ ಹೆಚ್ಚು. ಮತ್ತೆ ತೆಗೆಸೋದು ಒಳ್ಳೇದು.
• ಬೆಳವಣಿಗೆ ಇಲ್ಲ ಅಂದ್ರೆ ಸೋಂಕೇ ಇಲ್ಲ ಅಂತ ಅಲ್ಲ. ಬಿಳಿ ರಕ್ತಕಣದ ಸಂಖ್ಯೆ ನೋಡಿ. ಅದು ಜಾಸ್ತಿ ಇದ್ದು ಬೆಳವಣಿಗೆ ಇಲ್ಲ ಅಂದ್ರೆ, ಮೊದಲೇ ಔಷಧಿ ಕೊಟ್ಟಿದ್ದಿರಬಹುದು ಅಥವಾ ಮೈಕೋಪ್ಲಾಸ್ಮಾ ಇರಬಹುದು. ಪಿಸಿಆರ್ ಬಗ್ಗೆ ಕೇಳಿ.

ಊತ ಇಳಿದ ಕೂಡಲೇ ಔಷಧಿ ನಿಲ್ಲಿಸಬೇಡಿ, ವೈದ್ಯರು ಹೇಳಿದಷ್ಟು ದಿನ ಕೊಡಿ. ಬೇಗ ಇಳೀಲಿ ಅಂತ ಅಂಗಡಿಯಿಂದ ಸ್ಟೀರಾಯ್ಡ್ ತಂದು ಚುಚ್ಚಬೇಡಿ. ಊತ ಇಳಿದ ಹಾಗೆ ಕಾಣತ್ತೆ, ಒಳಗೆ ಸೋಂಕು ಹರಡತ್ತೆ.

ನಮ್ಮಂಥ ಸಾವಯವ ಕೃಷಿಕರಿಗೆ ಒಂದು ಮಾತು. ಸಾವಯವ ಅಂತ ಔಷಧಿ ಕೊಡದೆ ಕರುವನ್ನ ನರಳಿಸೋದು ಸಾವಯವ ಅಲ್ಲ, ಅದು ಕ್ರೌರ್ಯ. ಬೇಕಾದಾಗ ಬೇಕಾದ ಔಷಧಿ ಒಂದೇ ಸಲ ಸರಿಯಾಗಿ ಕೊಡೋಕೆ ಈ ಪರೀಕ್ಷೆ ದಾರಿ. ಔಷಧಿಯ ಸ್ವಲ್ಪ ಭಾಗ ಸಗಣಿ, ಗಂಜಲದಲ್ಲಿ ಹೊರಗೆ ಬರತ್ತೆ. ಹಾಗಾಗಿ ಆ ದಿನಗಳ ಸಗಣಿ, ಗಂಜಲ ಜೀವಾಮೃತಕ್ಕೆ ಬೇಡ, ಬೇರೆ ಗುಂಡಿಯಲ್ಲಿ ಕಾಂಪೋಸ್ಟ್ ಮಾಡಿ. ಹಾಲು ಕೊಡೋ ಹಸುವಾದ್ರೆ ಲೇಬಲ್ ಮೇಲೆ ಬರೆದಷ್ಟು ದಿನ ಹಾಲನ್ನ ಡೇರಿಗೆ ಹಾಕಬೇಡಿ.

ಬ್ರೂಸೆಲ್ಲಾ: ಇದು ನಮ್ಮ ಮಂಡಿಗೂ ಬರತ್ತೆ

ದೊಡ್ಡ ಹಸುವಿನ ಮುಂಗಾಲ ಮಂಡಿಯ ಮೇಲೆ ಮೆತ್ತನೆ ಗುಳ್ಳೆ, ಹಿಂಡಿನಲ್ಲಿ ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕೋದು, ಕಸ ಬೀಳದೆ ಉಳಿಯೋದು – ಇವು ಒಟ್ಟಿಗೆ ಕಂಡ್ರೆ ಕಂದು ರೋಗ, ಅಂದ್ರೆ ಬ್ರೂಸೆಲ್ಲೋಸಿಸ್ ಅನುಮಾನ ಪಡಿ. ಆ ಗುಳ್ಳೆಗೆ ಯಾರೂ ಸೂಜಿ ಹಾಕೋಕೆ ಬಿಡಬೇಡಿ, ವೈದ್ಯರಿಗೆ ಮೊದಲು ಅನುಮಾನ ಹೇಳಿ.

ಈ ಬ್ಯಾಕ್ಟೀರಿಯಾದ ಪತ್ತೆ ಆಗಿದ್ದೇ ಮನುಷ್ಯರಲ್ಲಿ. 1887ರಲ್ಲಿ ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಬ್ರಿಟಿಷ್ ಸೈನಿಕರ ಗುಲ್ಮದಿಂದ ಡೇವಿಡ್ ಬ್ರೂಸ್ ಇದನ್ನ ಬೆಳೆಸಿದರು. ಅದು ಬರ್ತಿರೋದು ಆಡಿನ ಹಸಿ ಹಾಲಿನಿಂದ ಅಂತ ಗೊತ್ತಾಗೋಕೆ 1905ರವರೆಗೆ ಕಾಯಬೇಕಾಯ್ತು, ಥೆಮಿಸ್ಟೋಕ್ಲಿಸ್ ಜಮಿತ್ ಅನ್ನೋ ಮಾಲ್ಟಾದ ವೈದ್ಯರು ಆಡುಗಳ ರಕ್ತ ಪರೀಕ್ಷೆ ಮಾಡಿದಾಗ.

ಮನುಷ್ಯರಲ್ಲಿ ಬಂದು ಹೋಗೋ ಜ್ವರ, ರಾತ್ರಿ ಬೆವರು, ಸುಸ್ತು, ಸೊಂಟ ಮತ್ತು ಮಂಡಿ ಕೀಲುಗಳ ನೋವು ಬರತ್ತೆ. ತಿಂಗಳುಗಟ್ಟಲೆ "ವಾತ" ಅಂತ ಎಣ್ಣೆ ತಿಕ್ಕಿಸ್ಕೊಂಡು ಇರೋರು ಇದ್ದಾರೆ. ಆಸ್ಪತ್ರೆಗೆ ಹೋದಾಗ "ನಾನು ಹಸು ಸಾಕ್ತೀನಿ, ನಮ್ಮಲ್ಲಿ ಕಂದು ಹಾಕಿತ್ತು" ಅಂತ ಒಂದು ವಾಕ್ಯ ಹೇಳಿ. ಅದು ಎರಡು ಕೆಲಸ ಮಾಡತ್ತೆ. ವೈದ್ಯರು ಸರಿಯಾದ ಪರೀಕ್ಷೆ ಬರೀತಾರೆ. ಲ್ಯಾಬಿನವರು ಎಚ್ಚರ ವಹಿಸ್ತಾರೆ, ಯಾಕಂದ್ರೆ ತಟ್ಟೆಯಲ್ಲಿ ಬೆಳೆದ ಬ್ರೂಸೆಲ್ಲಾ ಉಸಿರಿನ ಮೂಲಕ ಲ್ಯಾಬ್ ಸಿಬ್ಬಂದಿಗೇ ಅಂಟಬಲ್ಲದು.

ಈ ಅಪಾಯದಿಂದಲೇ ದನಗಳಲ್ಲಿ ಇದನ್ನ ಸಾಮಾನ್ಯವಾಗಿ ಬೆಳೆಸದೆ, ರಕ್ತ ಪರೀಕ್ಷೆಯಿಂದ ಹುಡುಕ್ತಾರೆ. ರೋಸ್ ಬೆಂಗಾಲ್ ಪರೀಕ್ಷೆಯಲ್ಲಿ ಒಂದು ಹನಿ ಸೀರಂ, ಒಂದು ಹನಿ ಗುಲಾಬಿ ದ್ರಾವಣ ಬೆರೆಸಿ ಅಲುಗಾಡಿಸ್ತಾರೆ. 4 ನಿಮಿಷದಲ್ಲಿ ಮೊಸರು ಒಡೆದ ಹಾಗೆ ಹರಳು ಕಟ್ಟಿದ್ರೆ ಪಾಸಿಟಿವ್. ಅದನ್ನ ಎಲೈಸಾದಂಥ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡ್ತಾರೆ. ಲಸಿಕೆ ಹಾಕಿಸಿದ ಪ್ರಾಣಿಯಲ್ಲೂ ಪಾಸಿಟಿವ್ ಬರಬಹುದು, ಹಾಗಾಗಿ ಲಸಿಕೆಯ ದಾಖಲೆ ಇಟ್ಕೊಳ್ಳಿ.

ಲಸಿಕೆ ಹಾಕೋದು 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ, ಜೀವನದಲ್ಲಿ ಒಂದೇ ಸಲ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಕಾಲುಬಾಯಿ ರೋಗದ ಜೊತೆ ಇದೂ ಸೇರಿದೆ. ಕಂದು ಹಾಕಿದ ಭ್ರೂಣ, ಕಸವನ್ನ ಬರಿಗೈಲಿ ಮುಟ್ಟಬೇಡಿ. ಗ್ಲೌಸ್ ಹಾಕಿ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿ, ನಾಯಿಗಳಿಗೆ ಸಿಗಬಾರದು. ಹಾಲು ಕಾಯಿಸದೆ ಕುಡಿಯಬೇಡಿ.

ಲ್ಯಾಬಿಗೆ ಹೋಗೋ ಸ್ಥಿತಿಯೇ ಬರದಿರಲಿ

• ಕರು ಹುಟ್ಟಿದ ಕೂಡಲೇ ಹೊಕ್ಕುಳನ್ನ ಟಿಂಕ್ಚರ್ ಅಯೋಡಿನ್‌ನಲ್ಲಿ ಪೂರ್ತಿ ಅದ್ದಿ. ಹತ್ತಿಯಲ್ಲಿ ಸವರಿದ್ರೆ ಸಾಲದು. ಒಣಗೋವರೆಗೆ ದಿನಾ ಮಾಡಿ.
• ಮೊದಲ 1-2 ಗಂಟೆಯಲ್ಲೇ ಗಿಣ್ಣು ಹಾಲು ಶುರು ಮಾಡಿ. ಕರುವಿನ ತೂಕದ ಹತ್ತನೇ ಒಂದು ಭಾಗ ಲೆಕ್ಕ, 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಮೊದಲ ಕೆಲವು ಗಂಟೆಗಳಲ್ಲಿ ಹೊಟ್ಟೆಗೆ ಹೋಗಲಿ. 24 ಗಂಟೆ ದಾಟಿದ ಮೇಲೆ ಅದರ ರಕ್ಷಣೆಯ ಅಂಶ ಕರುಳಿನಿಂದ ರಕ್ತಕ್ಕೆ ಹೋಗಲ್ಲ.
• ಕರು ಹಾಕೋ ಜಾಗ ಒಣಗಿರಲಿ, ಹೊಸ ಹುಲ್ಲು ಹಾಸಿ.
• ಮೊದಲ ತಿಂಗಳು ದಿನಾ ಬೆಳಿಗ್ಗೆ ಎಲ್ಲ ಕೀಲು, ಹೊಕ್ಕುಳು ಮುಟ್ಟಿ ನೋಡಿ. ಒಂದು ನಿಮಿಷ ಸಾಕು.

ಕೀಲು ಊದಿ ಬಿಸಿಯಾಗಿದ್ರೆ ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ 1962ಕ್ಕೆ ಕರೆ ಮಾಡಿ. ದ್ರವದ ಪರೀಕ್ಷೆ ಎಲ್ಲಿ ಮಾಡಿಸಬಹುದು ಅಂತ ಅಲ್ಲೇ ಕೇಳಿ. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ, ಬೀದರ್, ಬೆಂಗಳೂರು, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳು ಇಂಥ ವಿಷಯಕ್ಕೆ ದಾರಿ ತೋರಿಸೋ ಜಾಗಗಳು.

ಈ ವಾರದ ಕೆಲಸ ಇಷ್ಟೇ: ಹತ್ತಿರದ ಪಶುವೈದ್ಯರ ನಂಬರ್ ಮೊಬೈಲ್‌ನಲ್ಲಿ ಸೇವ್ ಮಾಡಿ. ಕೊಟ್ಟಿಗೆಯಲ್ಲಿ ಅಯೋಡಿನ್ ಬಾಟಲಿ ಇದೆಯಾ, ಅವಧಿ ಮುಗಿದಿಲ್ಲವಾ ನೋಡಿ. 4 ತಿಂಗಳು ತುಂಬಿದ ಹೆಣ್ಣು ಕರು ಇದ್ರೆ ಲಸಿಕೆಯ ದಿನ ಕೇಳಿ ಬರೆದಿಡಿ.